ಹಸುಗೂಸಿನ ನೋವು ಮತ್ತು ಅದರ ಉಪಶಮನ

ಮನುಷ್ಯನು ಈ ಲೋಕಕ್ಕೆ ಬಂದೊಡನೆ ಮಾಡುವ ಮೊದಲ ಕೆಲಸವೆಂದರೆ ಅಳುವುದು. ಆ ಮೊದಲ ಅಳುವನ್ನು ಕೇಳಿ ಮನೆಮಂದಿಯೆಲ್ಲ ಹಿಗ್ಗುತ್ತಾರೆ. ಅದು ಕೇಳಿಬಾರದಿದ್ದರೆ ಗಾಬರಿಗೊಳ್ಳುತ್ತಾರೆ. ಹಸಿವಾದರೂ ಅಳು, ಚಳಿಯಾದರೂ ಅಳು, ಬಟ್ಟೆ ಒದ್ದೆಯಾದರೂ ಅಳು. ಕೂಸಿಗೆ ತಿಳಿದಿರುವ ಮಾತು ಇದೊಂದೇ. ಹೀಗೆ ಒಂದೇ ಮಾತಿಗೆ ಹಲವು ಅರ್ಥಗಳಿರುವುದರಿಂದ, ಅದು ನೋವಿನಿಂದ ಅತ್ತಾಗಲೂ “ಕೂಸು ಅಳದೆ ಇನ್ನೇನು ಮಾಡೀತು” ಎಂದು ದೊಡ್ಡವರು ಸುಮ್ಮನಾಗುವುದುಂಟು. ಹುಟ್ಟಿ ಒಂದೆರಡು ದಿನಗಳಾದ ಶಿಶುವಿಗೆ ನೋವೆಂಬುದು ನಿಜವಾಗಿಯೂ ತಿಳಿಯುತ್ತದೆಯೆ? ತಿಳಿಯುವುದಾದರೆ ಅದನ್ನು ಕಡಿಮೆಮಾಡಲು ನಮ್ಮಿಂದ ಆಗುವುದೇನು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಮೊದಲು ನಮ್ಮ ಮನೆಗಳ ಸಂಗತಿಯನ್ನೇ ನೋಡೋಣ. ಮೊಗುಡಂಪಲ್ಲಿಯು 2016ರಲ್ಲಿ ಮಂಡಲವಾಯಿತು. ಅದೇ ವರ್ಷ ಸಂಗಾರೆಡ್ಡಿಯು ಜಿಲ್ಲೆಯಾಯಿತು. ಇಲ್ಲಿಂದ ಹೆರಿಗೆಗೆಂದು ಕೆಲವರು ಜಹೀರಾಬಾದಿನ ದವಾಖಾನೆಗೆ ಹೋಗುತ್ತಾರೆ. ತವರುಮನೆ ಗಡಿಯಾಚೆಗಿದ್ದವರು ಬೀದರಕ್ಕೆ ಹೋಗುವುದೂ ಉಂಟು. ಎಲ್ಲಿಗೇ ಹೋಗಲಿ, ದವಾಖಾನೆಯಲ್ಲಿ ಹುಟ್ಟಿದ ಕೂಸಿಗೆ ಮೊದಲನೆಯ ದಿನವೇ ಸೂಜಿಯ ಪರಿಚಯವಾಗುತ್ತದೆ. ರಕ್ತಸ್ರಾವವಾಗದಂತೆ ತಡೆಯುವುದಕ್ಕೆ ತೊಡೆಗೆ ‘ಕೆ’ ಜೀವಸತ್ವದ ಒಂದು ಚುಚ್ಚುಮದ್ದು. ಇಪ್ಪತ್ತನಾಲ್ಕು ಗಂಟೆಗಳ ಒಳಗಾಗಿ ಕಾಮಾಲೆಯ ಒಂದು ಬಗೆಯಾದ ಹೆಪಟೈಟಿಸ್-ಬಿ ರೋಗವನ್ನು ತಡೆಯುವ ಲಸಿಕೆ. ಎಡತೋಳಿನ ಚರ್ಮದಲ್ಲಿ ಕ್ಷಯರೋಗದ ವಿರುದ್ಧ ಬಿ.ಸಿ.ಜಿ. ಲಸಿಕೆ. ಕೂಸಿನ ಮೈ ಹಳದಿಯಾದರೆ, ಅಥವಾ ತೂಕ ಕಡಿಮೆಯಿದ್ದರೆ, ಹಿಮ್ಮಡಿಯನ್ನು ಚುಚ್ಚಿ ಒಂದೆರಡು ಹನಿ ರಕ್ತವನ್ನು ತೆಗೆಯುತ್ತಾರೆ. ತರುವಾಯ ಆರನೆಯ, ಹತ್ತನೆಯ ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಮತ್ತೆ ಲಸಿಕೆಗಳು.

ಇದು ಆರೋಗ್ಯವಂತ ಕೂಸಿನ ಕಥೆ. ದಿನ ತುಂಬುವ ಮುನ್ನ ಹುಟ್ಟಿದ ಕೂಸಿನ ಪಾಡು ಬೇರೆಯೇ. ಅದನ್ನು ವಿಶೇಷ ನಿಗಾ ಘಟಕದಲ್ಲಿಡುತ್ತಾರೆ. ಪ್ಯಾರಿಸ್ ನಗರದ ಸುತ್ತಣ ಇಂಥ ಘಟಕಗಳಲ್ಲಿದ್ದ 430 ಶಿಶುಗಳನ್ನು ಕುರಿತು ಅಲ್ಲಿಯ ವೈದ್ಯರು ಲೆಕ್ಕವಿಟ್ಟು, 2008ರಲ್ಲಿ ಅದನ್ನು ಪ್ರಕಟಿಸಿದರು. ಮೊದಲ ಹದಿನಾಲ್ಕು ದಿನಗಳ ಅವಧಿಯಲ್ಲಿ, ಮಧ್ಯಮಾಂಕದಂತೆ, ಒಂದೊಂದು ಶಿಶುವಿಗೆ ದಿನಕ್ಕೆ 16ರಂತೆ ಚಿಕಿತ್ಸಾಕ್ರಮಗಳು ನಡೆದಿದ್ದುವು. ಅವುಗಳಲ್ಲಿ ದಿನಕ್ಕೆ ಹತ್ತು ನೋವುಂಟುಮಾಡುವಂಥವು. ಅಷ್ಟೇ ಅಲ್ಲ, ನೋವಿನ ಕ್ರಮಗಳಲ್ಲಿ ನೂರಕ್ಕೆ 79ರಷ್ಟು ಯಾವ ಪೂರ್ವೋಪಶಮನವೂ ಇಲ್ಲದೆ ನಡೆದಿದ್ದುವು. ವೈದ್ಯಶಾಸ್ತ್ರದಲ್ಲಿ ಮುಂದುವರಿದ ನಾಡಿನಲ್ಲಿಯೇ ಹೀಗಾದರೆ, ಈ ವಿಷಯವನ್ನು ಎಲ್ಲ ಕಡೆಯ ಪಾಲಕರೂ ತಿಳಿದಿರುವುದು ಅವಶ್ಯವೆಂದು ಹೇಳಬೇಕಾಗಿಲ್ಲ.

ಹಿಂದಿನವರ ಎಣಿಕೆ

ಕಳೆದ ಶತಮಾನದ ಬಹುಭಾಗದಲ್ಲಿ, ಹಸುಗೂಸಿಗೆ ನೋವಿನ ಅರಿವು ಇಲ್ಲ, ಇದ್ದರೂ ಅತ್ಯಲ್ಪವೆಂದು ವೈದ್ಯರೂ ಎಣಿಸಿದ್ದರು. ಹೀಗೆ ಎಣಿಸಲು ಅವರಿಗೆ ಕಾರಣಗಳಿಲ್ಲದೆ ಇರಲಿಲ್ಲ. 1941ರಲ್ಲಿ ಅಮೆರಿಕೆಯ ಮರ್ಟಲ್ ಮೆಕ್‌ಗ್ರಾ ಎಂಬ ವಿದುಷಿಯು ಶಿಶುಗಳ ಮೈಗೆ ಸೂಜಿಯ ಮೊನೆಯನ್ನು ತಾಗಿಸಿ ಅವುಗಳ ಪ್ರತಿಕ್ರಿಯೆಯನ್ನು ಗುರುತಿಸಿದಳು. ಹುಟ್ಟಿ ಕೆಲವೇ ದಿನಗಳಾದ ಶಿಶುಗಳ ಪ್ರತಿಕ್ರಿಯೆ ಮಂದವಾಗಿಯೂ ಅಸ್ಪಷ್ಟವಾಗಿಯೂ ಕಂಡಿತು. ಮಿದುಳಿನ ಮೇಲ್ಪದರ ಇನ್ನೂ ಬಲಿತಿಲ್ಲವಾದುದರಿಂದ ನೋವಿನ ಸುದ್ದಿ ಅಲ್ಲಿಗೆ ಮುಟ್ಟುವುದಿಲ್ಲವೆಂಬ ಅಭಿಪ್ರಾಯ ಇದರಿಂದ ಬಲಗೊಂಡಿತು.

ಎರಡನೆಯ ಕಾರಣ ನರಗಳ ರಚನೆಗೆ ಸಂಬಂಧಿಸಿದುದು. ವಿದ್ಯುತ್ತಿನ ತಂತಿಗೆ ರಬ್ಬರಿನ ಹೊದಿಕೆಯಿರುವಂತೆ ದೊಡ್ಡವರ ಅನೇಕ ನರತಂತುಗಳಿಗೆ ಕೊಬ್ಬಿನ ಒಂದು ಹೊದಿಕೆಯಿರುತ್ತದೆ. ಕೂಸಿನಲ್ಲಿ ಈ ಹೊದಿಕೆ ಪೂರ್ಣವಾಗಿರುವುದಿಲ್ಲ. ಹೊದಿಕೆಯಿಲ್ಲದ ತಂತಿಯಲ್ಲಿ ಸುದ್ದಿ ಹರಿಯಲಾರದೆಂದು ಭಾವಿಸಲಾಯಿತು.

ಮೂರನೆಯದು ಭಯ. ಅರಿವಳಿಕೆಯ ಮದ್ದುಗಳು ಪ್ರಬಲವಾದುವು; ಒಂದೆರಡು ಸೇರು ತೂಕದ ಕೂಸಿಗೆ ಅವುಗಳ ಪ್ರಮಾಣ ತುಸು ಹೆಚ್ಚಾದರೂ ಉಸಿರಾಟವೇ ನಿಂತುಹೋಗುವ ಸಂಭವವಿತ್ತು. ಆದಕಾರಣ ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ಕೂಸು ಅಲುಗಾಡದಂತೆ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಮದ್ದನ್ನು ಮಾತ್ರ ಕೊಟ್ಟು, ನೋವು ಕಳೆಯುವ ಮದ್ದನ್ನು ಕೊಡದೆ, ಅಥವಾ ತೀರ ಕಡಿಮೆ ಕೊಟ್ಟು, ಕೆಲಸ ಮುಗಿಸುವ ಪದ್ಧತಿ ಹಲವೆಡೆ ಇತ್ತು. ‘ಕೂಸಿಗೆ ನೋವಿಲ್ಲ’ ಎಂಬ ನಂಬಿಕೆ ಈ ಪದ್ಧತಿಗೆ ಆಸರೆಯಾಯಿತು. ಈ ಪದ್ಧತಿಯು ಆ ನಂಬಿಕೆಯನ್ನು ಪ್ರಶ್ನಿಸದಂತೆ ಮಾಡಿತು. ಹೀಗೆ ಒಂದನ್ನೊಂದು ಎತ್ತಿಹಿಡಿದು ಎರಡೂ ಬಹುಕಾಲ ಉಳಿದುವು.

1985ರಲ್ಲಿ ಅಮೆರಿಕೆಯ ರಾಜಧಾನಿಯಲ್ಲಿ, ದಿನ ತುಂಬದೆ ಹುಟ್ಟಿದ ಒಂದು ಗಂಡುಕೂಸಿಗೆ ಇದೇ ರೀತಿಯಲ್ಲಿ ಹೃದಯದ ಬಳಿ ಶಸ್ತ್ರಚಿಕಿತ್ಸೆ ನಡೆಯಿತು. ಕೂಸು ಉಳಿಯಲಿಲ್ಲ. ನೋವಿನ ಮದ್ದು ಕೊಟ್ಟಿರಲಿಲ್ಲವೆಂಬುದು ತಾಯಿಗೆ ತಿಳಿದುದು ಆಮೇಲೆ. ಆಕೆ ಮೌನವಾಗಿ ಕುಳಿತುಕೊಳ್ಳದೆ ವೈದ್ಯರನ್ನು ಕೇಳಿದಳು, ಪತ್ರಿಕೆಗಳಿಗೆ ಬರೆದಳು. ಇತರ ತಾಯಂದಿರೂ ಅದೇ ಪ್ರಶ್ನೆಯನ್ನು ಕೇಳತೊಡಗಿದರು.

ಒಬ್ಬ ಭಾರತೀಯ ವೈದ್ಯನ ಶೋಧನೆ

ಈ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರವನ್ನು ಒದಗಿಸಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ನಮ್ಮ ದೇಶದವರೇ ಆದ ಡಾ. ಕನ್ವಲ್‌ಜೀತ್ ಆನಂದ್ ಅವರು. ಇಂದೂರಿನ ಮಹಾತ್ಮಾ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನವನ್ನು ಪಡೆದು, ಅವರು ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿಯ ಶಿಶುವಿಭಾಗದಲ್ಲಿ, ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮರಳಿಬರುವ ಶಿಶುಗಳ ಸ್ಥಿತಿ, ಹೋಗುವಾಗ ಇದ್ದುದಕ್ಕಿಂತ ತೀರ ಕೆಟ್ಟಿರುವುದು ಅವರ ಗಮನಕ್ಕೆ ಬಂದಿತು. ಇದಕ್ಕೆ ಕಾರಣ ನೋವೇ ಆಗಿರಬಹುದೆ ಎಂಬ ಸಂಶಯ ಅವರಲ್ಲಿ ಮೂಡಿತು.

ಕೂಸನ್ನು ‘ನೋವಾಯಿತೇ’ ಎಂದು ಕೇಳುವಂತಿಲ್ಲ. ಆದರೆ ಅದರ ರಕ್ತವನ್ನು ಕೇಳಬಹುದು. ಮನುಷ್ಯನು ಸಂಕಟಕ್ಕೆ ಸಿಕ್ಕಿದಾಗ ಅಡ್ರಿನಲಿನ್ ಮೊದಲಾದ ಕೆಲವು ರಸಗಳು ರಕ್ತದಲ್ಲಿ ಏರುತ್ತವೆ; ಸಕ್ಕರೆಯ ಅಂಶವೂ ಏರುತ್ತದೆ. ಆನಂದ್ ಮತ್ತು ಅವರ ಸಂಗಡಿಗರು ಇವನ್ನು ಅಳೆಯಲು ನಿಶ್ಚಯಿಸಿದರು. ಹೃದಯದ ಬಳಿಯ ಒಂದು ನಾಳವನ್ನು ಕಟ್ಟುವ ಶಸ್ತ್ರಚಿಕಿತ್ಸೆ ಅಗತ್ಯವಾಗಿದ್ದ 16 ಶಿಶುಗಳನ್ನು ಎಂಟೆಂಟರ ಎರಡು ಗುಂಪುಗಳನ್ನಾಗಿ ಮಾಡಿದರು. ಎರಡು ಗುಂಪುಗಳಿಗೂ ಅಂದಿನ ವಾಡಿಕೆಯ ಮದ್ದುಗಳನ್ನು ಕೊಟ್ಟರು. ಒಂದು ಗುಂಪಿಗೆ ಮಾತ್ರ ಅದರೊಡನೆ ಫೆಂಟನಿಲ್ ಎಂಬ ನೋವಳಿಕೆಯ ಮದ್ದನ್ನೂ ಸೇರಿಸಿದರು. 1987ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ನೋವಳಿಕೆಯಿಲ್ಲದ ಶಿಶುಗಳ ರಕ್ತದಲ್ಲಿ ಸಂಕಟದ ರಸಗಳು ಬಹಳವಾಗಿ ಏರಿದ್ದುವು; ಚಿಕಿತ್ಸೆಯ ತರುವಾಯ ಅವುಗಳಿಗೇ ಹೆಚ್ಚಿನ ತೊಡಕುಗಳು ಕಾಣಿಸಿಕೊಂಡಿದ್ದುವು. ನೋವನ್ನು ಕಳೆಯುವುದು ಕೇವಲ ಕರುಣೆಯ ಮಾತಲ್ಲ, ಪ್ರಾಣರಕ್ಷಣೆಯ ಮಾತೂ ಹೌದೆಂಬುದು ಇದರಿಂದ ಗೊತ್ತಾಯಿತು. ಅದೇ ವರ್ಷ ಅಮೆರಿಕೆಯ ಶಿಶುವೈದ್ಯರ ಸಂಘವು, ವಯಸ್ಸು ಎಳೆಯದೆಂಬ ಒಂದೇ ಕಾರಣದಿಂದ ಶಿಶುಗಳಿಗೆ ಅರಿವಳಿಕೆಯನ್ನು ತಪ್ಪಿಸತಕ್ಕದ್ದಲ್ಲವೆಂದು ಹೇಳಿಕೆಯನ್ನು ಹೊರಡಿಸಿತು.

ಹಳೆಯ ಕಾರಣಗಳು ಒಂದೊಂದಾಗಿ ಕಳಚಿಬಿದ್ದುವು. ಚರ್ಮದಲ್ಲಿ ಸ್ಪರ್ಶ ಮತ್ತು ನೋವುಗಳನ್ನು ಗ್ರಹಿಸುವ ತುದಿಗಳು ಗರ್ಭದ ಏಳನೆಯ ವಾರದಲ್ಲಿ ಬಾಯಿಯ ಸುತ್ತ ಮೊದಲಾಗಿ, ಇಪ್ಪತ್ತನೆಯ ವಾರದ ಹೊತ್ತಿಗೆ ಮೈಯೆಲ್ಲವನ್ನೂ ವ್ಯಾಪಿಸಿರುತ್ತವೆ. ನರತಂತುವಿನ ಹೊದಿಕೆಯ ಮಾತೂ ನಿಲ್ಲಲಿಲ್ಲ. ಏಕೆಂದರೆ ದೊಡ್ಡವರಲ್ಲಿಯೂ ನೋವಿನ ಸುದ್ದಿಯ ಬಹುಭಾಗವನ್ನು ಹೊರುವುವು ಹೊದಿಕೆಯಿಲ್ಲದ ತಂತುಗಳೇ. ಹೊದಿಕೆಯಿಲ್ಲದಿದ್ದರೆ ಸುದ್ದಿ ನಿಧಾನವಾಗಿ ಹೋಗುವುದೇನೋ ನಿಜ. ಆದರೆ ಕೂಸಿನ ಮೈಯಲ್ಲಿ ಅದು ಕ್ರಮಿಸಬೇಕಾದ ಹಾದಿಯೂ ಗೇಣುದ್ದವಷ್ಟೆ. 2015ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ನಿದ್ರಿಸುತ್ತಿದ್ದ ಶಿಶುಗಳ ಅಂಗಾಲನ್ನು, ಚರ್ಮ ಹರಿಯದಂಥ ಮೊನೆಯಿಂದ ಮೆಲ್ಲನೆ ಒತ್ತಿ, ಮಿದುಳಿನ ಚಿತ್ರಗಳನ್ನು ತೆಗೆದರು. ದೊಡ್ಡವರಿಗೆ ನೋವಾದಾಗ ಎಚ್ಚರಗೊಳ್ಳುವ ಮಿದುಳಿನ 20 ಭಾಗಗಳಲ್ಲಿ 18 ಭಾಗಗಳು ಶಿಶುಗಳಲ್ಲಿಯೂ ಎಚ್ಚರಗೊಂಡುವು.

ಕೂಸಿಗೆ ನೋವು ಹೆಚ್ಚಾಗುವ ಕಾರಣ

ಇಷ್ಟೇ ಆಗಿದ್ದರೆ ಕೂಸಿನ ನೋವು ನಮ್ಮ ನೋವಿನಷ್ಟೇ ಎನ್ನಬಹುದಾಗಿತ್ತು. ಅದು ನಮಗಿಂತಲೂ ಹೆಚ್ಚಾಗಿರಬಹುದೆಂದು ತಿಳಿದವರು ಹೇಳುತ್ತಾರೆ. ಇದನ್ನು ನಮ್ಮ ಊರ ಕೆರೆಯ ಉಪಮಾನದಿಂದ ವಿವರಿಸೋಣ. ಕೆರೆಯ ನೀರು ಗದ್ದೆಗೆ ಹರಿಯುವುದು ತೂಬಿನ ಮೂಲಕ. ತೂಬನ್ನು ಎತ್ತಿ ಇಳಿಸಿ ಹರಿವನ್ನು ಹೆಚ್ಚು ಕಡಿಮೆ ಮಾಡಬಹುದು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿದ್ವಾಂಸರು, ನಮ್ಮ ಬೆನ್ನುಹುರಿಯಲ್ಲಿಯೂ ನೋವಿನ ಹರಿವಿಗೆ ಇಂಥದೊಂದು ತೂಬು ಇದೆಯೆಂಬ ಸಿದ್ಧಾಂತವನ್ನು ಮುಂದಿಟ್ಟರು. ಮೊಣಕಾಲು ಬಾಗಿಲಿಗೆ ಬಡಿದಾಗ ನಾವು ತಿಳಿಯದೆಯೇ ಅಲ್ಲಿ ಕೈಯಿಂದ ಉಜ್ಜಿಕೊಳ್ಳುತ್ತೇವಲ್ಲವೆ? ಉಜ್ಜಿದ ಸ್ಪರ್ಶದ ಸುದ್ದಿಯು ಆ ತೂಬನ್ನು ತುಸು ಇಳಿಸುತ್ತದೆ. ನೋವಿನ ಹರಿವು ಇಳಿಯುತ್ತದೆ. ಮಿದುಳೂ ಕೂಡ ಮೇಲಿನಿಂದ ಅಪ್ಪಣೆಯನ್ನು ಕಳುಹಿಸಿ ತೂಬನ್ನು ಇಳಿಸಬಲ್ಲುದು.

ಹಸುಗೂಸಿನಲ್ಲಿ ನೋವಿನ ಕಾಲುವೆ ಸಿದ್ಧವಾಗಿರುತ್ತದೆ. ಆದರೆ ಮೇಲಿನಿಂದ ತೂಬನ್ನು ಇಳಿಸುವ ಏರ್ಪಾಡು ಇನ್ನೂ ಬಲಿತಿರುವುದಿಲ್ಲ. ಆದುದರಿಂದ ಚಿಕ್ಕ ಚುಚ್ಚುವಿಕೆಯೂ ಅದರ ಪಾಲಿಗೆ ದೊಡ್ಡ ಪ್ರವಾಹವಾಗಬಹುದು. ತನ್ನ ತೂಬನ್ನು ತಾನೇ ಇಳಿಸಲಾರದ ಕೂಸಿಗೆ ಹೊರಗಿನಿಂದ ನೆರವಾಗತಕ್ಕವರು ನಾವು.

ನೋವಿನ ನೆನಪೂ ಕೂಸಿನ ಮೈಯಲ್ಲಿ ಉಳಿಯುವುದುಂಟು. 1997ರಲ್ಲಿ ಕೆನಡಾ ದೇಶದಲ್ಲಿ 87 ಗಂಡುಶಿಶುಗಳನ್ನು ಪರೀಕ್ಷಿಸಿದರು. ಹುಟ್ಟಿದ ಹೊಸತರಲ್ಲಿ ನೋವಳಿಕೆಯಿಲ್ಲದೆ ಸುನ್ನತಿಯಾದ ಶಿಶುಗಳು, ನಾಲ್ಕಾರು ತಿಂಗಳ ಬಳಿಕ ಲಸಿಕೆ ಹಾಕಿಸಿಕೊಳ್ಳುವಾಗ, ಸುನ್ನತಿಯಾಗದ ಶಿಶುಗಳಿಗಿಂತ ಹೆಚ್ಚಾಗಿ ಅತ್ತುವು. ಮರಗಟ್ಟಿಸುವ ಮುಲಾಮನ್ನು ಮೊದಲೇ ಹಚ್ಚಿಸಿಕೊಂಡಿದ್ದವು ಇವೆರಡರ ನಡುವೆ ಇದ್ದುವು. “ಕೂಸಿಗೇನು ನೆನಪಿರುತ್ತದೆ” ಎಂಬ ಮಾತನ್ನು ಇನ್ನು ಮೇಲೆ ಆಡುವಂತಿಲ್ಲ.

ನೋವನ್ನು ಗುರುತಿಸುವ ಬಗೆ

ಅಳುವೊಂದನ್ನೇ ನಂಬಿದರೆ ಮೋಸಹೋಗುವ ಸಂಭವವುಂಟು. ಕೂಸಿನ ಮುಖವನ್ನು ನೋಡಬೇಕು. ನೋವಾದಾಗ ಹುಬ್ಬುಗಳು ಕೂಡಿ ನಡುವೆ ಗಂಟು ಬೀಳುತ್ತದೆ. ಕಣ್ಣುಗಳು ಬಿಗಿಯಾಗಿ ಮುಚ್ಚುತ್ತವೆ. ಮೂಗಿನ ಪಕ್ಕದಿಂದ ತುಟಿಯ ಅಂಚಿಗೆ ಇಳಿಯುವ ಗೆರೆ ಆಳವಾಗುತ್ತದೆ. ಬಾಯಿ ಅಗಲವಾಗಿ ತೆರೆದು ನಾಲಗೆ ಸೆಟೆದುಕೊಳ್ಳುತ್ತದೆ. ಬೆರಳುಗಳು ಚೆಲ್ಲಾಡುತ್ತವೆ, ಇಲ್ಲವೆ ಮುಷ್ಟಿಯಾಗುತ್ತವೆ. ಎದೆಯ ಬಡಿತ ಹೆಚ್ಚುತ್ತದೆ. ದಾದಿಯರು ಈ ಗುರುತುಗಳಿಗೆ ಅಂಕಗಳನ್ನು ಕೊಟ್ಟು ನೋವನ್ನು ಅಳೆಯುವ ಪಟ್ಟಿಗಳನ್ನು ಬಳಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ದಿನ ತುಂಬದೆ ಹುಟ್ಟಿದ ಕೂಸಿಗೆ ಅಳುವಷ್ಟು ತ್ರಾಣವೂ ಇಲ್ಲದಿರಬಹುದು. ಅದು ಸುಮ್ಮನಿದ್ದ ಮಾತ್ರಕ್ಕೆ ಸುಖವಾಗಿದೆಯೆಂದು ಎಣಿಸಲಾಗದು. ಎಲ್ಲರಿಗಿಂತ ಹೆಚ್ಚು ಸೂಜಿಗಳನ್ನು ಕಾಣುವ ಕೂಸೇ ಎಲ್ಲರಿಗಿಂತ ಕಡಿಮೆ ಅಳುವುದು ದೈವದುರ್ವಿಲಾಸ.

ಉಪಶಮನದ ಸುಲಭ ಮಾರ್ಗಗಳು

ನೋವನ್ನು ಕಡಿಮೆಮಾಡುವ ಅತ್ಯುತ್ತಮ ಸಾಧನಗಳಲ್ಲಿ ಕೆಲವಕ್ಕೆ ಕಾಸೂ ಖರ್ಚಿಲ್ಲ.

ಮೊದಲನೆಯದು ಮೊಲೆಹಾಲು. ಚುಚ್ಚುವುದಕ್ಕೆ ಕೆಲವು ನಿಮಿಷ ಮುಂಚಿತವಾಗಿ ಕೂಸನ್ನು ಎದೆಗೆ ಹಾಕಿಕೊಂಡು, ಅದು ಚೆನ್ನಾಗಿ ಚೀಪತೊಡಗಿದ ಮೇಲೆ ಸೂಜಿ ಹಾಕಿಸಿ, ಆಮೇಲೂ ಹಾಲೂಡಿಸುತ್ತಿರಬೇಕು. 2002ರಲ್ಲಿ ಅಮೆರಿಕೆಯಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಹಿಮ್ಮಡಿಯಿಂದ ರಕ್ತ ತೆಗೆಯುವಾಗ ಹಾಲು ಕುಡಿಯುತ್ತಿದ್ದ ಶಿಶುಗಳ ಅಳು, ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದ್ದ ಶಿಶುಗಳ ಅಳುವಿಗಿಂತ ನೂರಕ್ಕೆ 91ರಷ್ಟು ಕಡಿಮೆಯಾಗಿತ್ತು. ಹಾಲಿನ ಸಿಹಿ, ಚೀಪುವ ಕ್ರಿಯೆ, ತಾಯಿಯ ಮೈಬಿಸಿ, ಅವಳ ವಾಸನೆ ಇವೆಲ್ಲವೂ ಕೂಡಿ ಈ ಫಲವಾಗುತ್ತದೆ. ಹಾಲು ಗಂಟಲಿಗೆ ಸಿಕ್ಕಿಕೊಂಡೀತೆಂದು ಕೆಲವರು ಹೆದರುತ್ತಾರೆ. ನಡೆದ ಪರೀಕ್ಷೆಗಳಲ್ಲಿ ಅಂಥದೇನೂ ಕಂಡುಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಲಸಿಕೆಯ ನೋವನ್ನು ಕುರಿತು ಹೊರಡಿಸಿದ ಸೂಚನೆಗಳಲ್ಲಿ, ಲಸಿಕೆ ಹಾಕುವಾಗ ಅಥವಾ ಅದಕ್ಕೆ ತುಸು ಮೊದಲು ಮೊಲೆಯೂಡಿಸುವುದನ್ನು ಸೇರಿಸಿದೆ.

ಎರಡನೆಯದು ಮೈಗೆ ಮೈ ತಾಗಿಸುವುದು. ಕೂಸಿಗೆ ಲಂಗೋಟಿಯೊಂದನ್ನು ಮಾತ್ರ ಬಿಟ್ಟು, ತಾಯಿಯ ಬರಿಯ ಎದೆಯ ಮೇಲೆ ನೆಟ್ಟಗೆ ಮಲಗಿಸಿ, ಮೇಲೆ ಬಟ್ಟೆ ಹೊದಿಸುವುದೇ ಈ ಕ್ರಮ. ಕಾಂಗರೂ ಎಂಬ ಪ್ರಾಣಿಯು ತನ್ನ ಮರಿಯನ್ನು ಚೀಲದಲ್ಲಿಟ್ಟುಕೊಳ್ಳುವಂತೆ ಕಾಣುವುದರಿಂದ ಇದಕ್ಕೆ ಕಾಂಗರೂ ಆರೈಕೆಯೆಂದು ಹೆಸರು. 1978ರಲ್ಲಿ ದಕ್ಷಿಣ ಅಮೆರಿಕೆಯ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಹೋದಾಗ, ಎಡ್ಗರ್ ರೇ ಎಂಬ ವೈದ್ಯನು ಇದನ್ನು ಬಳಕೆಗೆ ತಂದನು. ನಮ್ಮ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿಯೂ, ಹರಿಯಾಣ ಮತ್ತು ಉತ್ತರಪ್ರದೇಶಗಳ ಕೆಲವು ಜಿಲ್ಲೆಗಳಲ್ಲಿಯೂ, 2000 ಗ್ರಾಮಿಗಿಂತ ಕಡಿಮೆ ತೂಕದ ಶಿಶುಗಳಿಗೆ ಈ ಆರೈಕೆಯನ್ನು ಸರಕಾರಿ ದವಾಖಾನೆಗಳ ಮೂಲಕ ಊರೂರಿಗೆ ಮುಟ್ಟಿಸುವ ಬಗೆ ಹೇಗೆಂಬ ಅಧ್ಯಯನ ನಡೆದು, 2021ರಲ್ಲಿ ಅದರ ವರದಿ ಪ್ರಕಟವಾಯಿತು. ಇದರ ಮುಖ್ಯ ಉದ್ದೇಶ ಕೂಸನ್ನು ಬದುಕಿಸುವುದು; ನೋವನ್ನು ತಗ್ಗಿಸುವುದು ಅದರ ಜೊತೆಯ ಲಾಭ. 2000ದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಹೀಗೆ ತಾಯಿಯ ಎದೆಯ ಮೇಲಿದ್ದ ಶಿಶುಗಳು ಹಿಮ್ಮಡಿ ಚುಚ್ಚುವಾಗ ಅತ್ತುದು ಇತರ ಶಿಶುಗಳಿಗಿಂತ ನೂರಕ್ಕೆ 82ರಷ್ಟು ಕಡಿಮೆ. ತಾಯಿ ಅಸ್ವಸ್ಥಳಾಗಿದ್ದರೆ ತಂದೆಯೂ ಅಜ್ಜಿಯೂ ಹೀಗೆ ಎತ್ತಿಕೊಳ್ಳಬಹುದು. ಇದರಲ್ಲಿ ತಂದೆಯಾದವನು ಸಂಕೋಚಪಡುವ ಕಾರಣವಿಲ್ಲ.

ಮೂರನೆಯದು ಅವಚಿ ಹಿಡಿಯುವುದು. ಕೂಸು ಗರ್ಭದಲ್ಲಿ ಕೈಕಾಲುಗಳನ್ನು ಮಡಿಸಿಕೊಂಡು ಇದ್ದುದು. ಅಂಗಾತ ಮಲಗಿಸಿ ಕೈಕಾಲುಗಳನ್ನು ಚಾಚಿ ಅದುಮಿಹಿಡಿದರೆ ಅದಕ್ಕೆ ನೋವಿನ ಮೇಲೆ ಭಯವೂ ಸೇರುತ್ತದೆ. ಬದಲಾಗಿ ಒಂದು ಅಂಗೈಯನ್ನು ತಲೆಯ ಮೇಲೂ ಇನ್ನೊಂದನ್ನು ಮಡಿಸಿದ ಕಾಲುಗಳ ಮೇಲೂ ಇಟ್ಟು, ಮೆತ್ತಗೆ, ಅಲುಗಿಸದೆ ಹಿಡಿದಿರಬೇಕು. ಮೃದುವಾದ ಬಟ್ಟೆಯಲ್ಲಿ ಸುತ್ತುವುದೂ ಒಳ್ಳೆಯದೇ. ಆದರೆ ಸೊಂಟದಿಂದ ಕೆಳಗೆ ಸಡಿಲವಾಗಿರಬೇಕು.

ನಾಲ್ಕನೆಯದು ಸಿಹಿಯ ಹನಿ. ಸಕ್ಕರೆಯ ದ್ರಾವಣದ ಕೆಲವು ಹನಿಗಳನ್ನು ನಾಲಗೆಯ ಮೇಲೆ ಹಾಕಿದರೆ ಕೂಸಿನ ಅಳು ಇಳಿಯುವುದೆಂದು 1991ರಲ್ಲಿ ಬ್ಲಾಸ್ ಮತ್ತು ಹಾಫ್‌ಮೇಯರ್ ಎಂಬವರು ತೋರಿಸಿದರು. ಚುಚ್ಚುವುದಕ್ಕೆ ಸುಮಾರು ಎರಡು ನಿಮಿಷ ಮೊದಲು ಇದನ್ನು ಹಾಕುತ್ತಾರೆ. ಆದರೆ 2010ರಲ್ಲಿ ನಡೆದ ಇನ್ನೊಂದು ಪರೀಕ್ಷೆಯಲ್ಲಿ, ಸಕ್ಕರೆಯಿಂದ ಮುಖದ ಸಂಕಟ ಕಡಿಮೆಯಾದರೂ ಮಿದುಳಿನಲ್ಲಿ ನೋವಿನ ಸಂಜ್ಞೆ ಕಡಿಮೆಯಾಗಲಿಲ್ಲವೆಂದು ಕಂಡುಬಂದಿತು. ಆದುದರಿಂದ ಇದನ್ನು ತಾಯಿಯ ಎದೆಗೆ ಬದಲಿಯೆಂದು ತಿಳಿಯಬಾರದು. ಇದು ದವಾಖಾನೆಯಲ್ಲಿ ವೈದ್ಯರ ಅಳತೆಯಂತೆ ನಡೆಯತಕ್ಕ ಕೆಲಸ. ಮನೆಯಲ್ಲಿ ಕೂಸಿಗೆ ಸಕ್ಕರೆನೀರು ಕುಡಿಸುವುದಾಗಲಿ, ಜೇನು ನೆಕ್ಕಿಸುವುದಾಗಲಿ ಸರ್ವಥಾ ಕೂಡದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣುವಿನ ಬೀಜಗಳು ಕೂಸಿನ ಕರುಳಲ್ಲಿ ಬೆಳೆದು ಪ್ರಾಣಕ್ಕೆ ಅಪಾಯ ತರಬಲ್ಲುವು.

ಐದನೆಯದು ದವಾಖಾನೆಯವರು ಮಾಡಬೇಕಾದುದು. ಬೇಡದ ಚುಚ್ಚುವಿಕೆಯನ್ನು ಬಿಡುವುದೇ ಎಲ್ಲಕ್ಕಿಂತ ದೊಡ್ಡ ಉಪಶಮನ. ಎರಡು ಪರೀಕ್ಷೆಗಳ ರಕ್ತವನ್ನು ಒಂದೇ ಸಲಕ್ಕೆ ತೆಗೆಯಬಹುದು. ನುರಿತ ಕೈಯಿದ್ದಲ್ಲಿ, ಹಿಮ್ಮಡಿಯನ್ನು ಚುಚ್ಚಿ ಹಿಂಡುವುದಕ್ಕಿಂತ ರಕ್ತನಾಳದಿಂದ ತೆಗೆಯುವುದು ಕೂಸಿಗೆ ಕಡಿಮೆ ನೋವೆಂದು ಪರೀಕ್ಷೆಗಳು ತಿಳಿಸಿವೆ. ಲಸಿಕೆ ಹಾಕುವಾಗ, ಸೂಜಿಯನ್ನು ಚುಚ್ಚಿದ ಮೇಲೆ ರಕ್ತ ಬರುವುದೋ ಎಂದು ಹಿಂದಕ್ಕೆ ಎಳೆದುನೋಡುವ ಹಳೆಯ ವಾಡಿಕೆ ಅನಾವಶ್ಯಕವೆಂದೂ, ಒಂದೇ ದಿನ ಹಲವು ಲಸಿಕೆಗಳಿದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಹಾಕಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಲಸಿಕೆಗೆ ಮುಂಚೆ ಜ್ವರದ ಔಷಧವನ್ನು ಕುಡಿಸುವುದನ್ನು ಅದು ಒಪ್ಪಿಲ್ಲ. ಚುಚ್ಚಿದ ಜಾಗವನ್ನು ತಿಕ್ಕಲೂ ಬಾರದು. ಶಸ್ತ್ರಚಿಕಿತ್ಸೆಯಂಥ ದೊಡ್ಡ ನೋವಿಗೆ ಹಾಲೂ ಸಕ್ಕರೆಯೂ ಸಾಲವು. ಅಲ್ಲಿ ವೈದ್ಯರ ಮದ್ದೇ ಬೇಕು.

ಸೂಜಿಯನ್ನು ಬಿಡುವುದು ಉಪಶಮನವಲ್ಲ

ಇದನ್ನೆಲ್ಲ ಓದಿದ ಯಾರಾದರೂ “ಹಾಗಾದರೆ ಕೂಸಿಗೆ ಸೂಜಿಯೇ ಬೇಡ” ಎಂದು ನಿಶ್ಚಯಿಸಿದರೆ ಅದು ಮಹಾ ಅನರ್ಥವಾದೀತು. ಹಿಂದೆ ಹಸುಗೂಸುಗಳನ್ನು ಗುಂಪುಗುಂಪಾಗಿ ಕೊಂಡೊಯ್ಯುತ್ತಿದ್ದ ಧನುರ್ವಾಯುವು, ತಾಯಂದಿರಿಗೆ ಹಾಕಿದ ಲಸಿಕೆಯಿಂದಲೂ ಶುಚಿಯಾದ ಹೆರಿಗೆಯಿಂದಲೂ ಹತೋಟಿಗೆ ಬಂದು, 2015ರಲ್ಲಿ ನಮ್ಮ ದೇಶವು ಅದರ ನಿರ್ಮೂಲನದ ಮಟ್ಟವನ್ನು ಮುಟ್ಟಿತು. 2014ರಲ್ಲಿ ಭಾರತವು ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ಹಿಮ್ಮಡಿಯ ಒಂದು ಹನಿ ರಕ್ತಕ್ಕೂ ಇಂಥದೇ ಮಹತ್ತ್ವವುಂಟು. ಹುಟ್ಟಿನಿಂದಲೇ ಬರುವ ಕೆಲವು ಚಯಾಪಚಯದೋಷಗಳನ್ನು ಆ ಹನಿಯಿಂದಲೇ ಕಂಡುಹಿಡಿದು, ಬುದ್ಧಿಮಾಂದ್ಯವನ್ನು ತಪ್ಪಿಸಬಹುದು. 1980ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಇಂಥ ಯೋಜನೆಯಲ್ಲಿ ಒಂದು ಲಕ್ಷಕ್ಕೂ ಮೀರಿದ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಲಾಯಿತು. ನಮ್ಮ ದೇಶದಲ್ಲಿ ನಡೆದ ಈ ಬಗೆಯ ಪ್ರಯತ್ನಗಳಲ್ಲಿ ಅದು ತೀರ ಮುಂಚಿನವುಗಳಲ್ಲಿ ಒಂದು. ಕ್ಷಣಕಾಲದ ನೋವು ಬಾಳಿನ ಉದ್ದಕ್ಕೂ ಬರುವ ಕೇಡನ್ನು ತಪ್ಪಿಸುವುದಾದರೆ ಆ ನೋವನ್ನು ಕೊಡಲೇಬೇಕು. ಆದರೆ ಆದಷ್ಟು ಕಡಿಮೆಮಾಡಿ ಕೊಡಬೇಕು. ನಮ್ಮ ವಾದ ಇಷ್ಟೇ.

ಯಾವ ಲಾಭವೂ ಇಲ್ಲದೆ ಕೂಸಿಗೆ ಕೊಡುವ ನೋವುಗಳನ್ನು ಮಾತ್ರ ಪೂರ್ತಿಯಾಗಿ ಬಿಡಬೇಕು. ಮೈ ಹಳದಿಯಾಯಿತೆಂದೋ, ಬಾಲಗ್ರಹವೆಂದೋ, ಹೊಟ್ಟೆ ಉಬ್ಬಿತೆಂದೋ ಕಾಯಿಸಿದ ಕಬ್ಬಿಣದಿಂದ ಇಲ್ಲವೆ ಬಳೆಯ ಚೂರಿನಿಂದ ಕೂಸಿನ ಹೊಟ್ಟೆಗೆ ಬರೆ ಎಳೆಯುವ ರೂಢಿ ನಮ್ಮ ಸೀಮೆಗಳಲ್ಲಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಬರೆಯಿಂದ ಯಾವ ರೋಗವೂ ವಾಸಿಯಾಗುವುದಿಲ್ಲ. ಹುಣ್ಣು ಕೀವಾಗಿ ರಕ್ತವೇ ನಂಜೇರುವುದುಂಟು, ಅಷ್ಟರಲ್ಲಿ ನಿಜವಾದ ರೋಗಕ್ಕೆ ಚಿಕಿತ್ಸೆ ತಡವಾಗುತ್ತದೆ. ಹುಟ್ಟಿದ ಕೂಸಿನ ಎದೆ ತುಸು ಊದಿ ಹಾಲಿನಂಥ ದ್ರವ ಬಂದರೆ ಅದನ್ನು ಹಿಂಡುವವರೂ ಇದ್ದಾರೆ. ತಾಯಿಯ ರಕ್ತದಿಂದ ಬಂದ ರಸಗಳ ದೆಸೆಯಿಂದ ಆದ ಈ ಊತ ತಾನಾಗಿಯೇ ಇಳಿಯುತ್ತದೆ; ಹಿಂಡಿದರೆ ಬಾವು ಬರುತ್ತದೆ. ಹಿರಿಯರು ಇವನ್ನು ಪ್ರೀತಿಯಿಂದಲೇ ಮಾಡುತ್ತ ಬಂದರೆಂಬುದು ನಿಜ. ಕೂಸಿಗೆ ನೋವು ತಿಳಿಯದೆಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದ ಕಾಲದಲ್ಲಿ ಹಳ್ಳಿಯ ಅಜ್ಜಿಯನ್ನು ಹಳಿಯುವುದು ನ್ಯಾಯವಲ್ಲ. ಆದರೆ ತಿಳಿದ ಮೇಲೆ ಬಿಡದಿರುವುದೂ ನ್ಯಾಯವಲ್ಲ.

ನಾವು ಮಾಡಬಹುದಾದುದು

ಪಾಲಕರು ದವಾಖಾನೆಯಲ್ಲಿ ಕೇಳಲು ಅಂಜಬಾರದು. “ಕೂಸನ್ನು ಎದೆಗೆ ಹಾಕಿಕೊಂಡೇ ಸೂಜಿ ಹಾಕಿಸಬಹುದೇ? ಈ ಎರಡು ಪರೀಕ್ಷೆಗಳನ್ನು ಒಂದೇ ಸಲಕ್ಕೆ ಮಾಡಬಹುದೇ? ನಾನು ಹತ್ತಿರವಿರಬಹುದೇ?” — ಈ ಮೂರು ಮಾತುಗಳನ್ನು ಕನ್ನಡದಲ್ಲಿಯೇ ಆಗಲಿ, ತೆಲುಗಿನಲ್ಲಿಯೇ ಆಗಲಿ, ಉರ್ದುವಿನಲ್ಲಿಯೇ ಆಗಲಿ, ವಿನಯದಿಂದ ಕೇಳಿದರೆ ಯಾವ ಸಹೃದಯ ದಾದಿಯೂ ಬೇಸರಪಡಲಾರಳು. ಲಸಿಕೆಯ ದಿನ ಕೂಸಿಗೆ ಸಡಿಲವಾದ, ತೊಡೆ ಸುಲಭವಾಗಿ ಕಾಣುವಂಥ ಬಟ್ಟೆ ತೊಡಿಸಬೇಕು. ತಾಯಿಯು ನೆಮ್ಮದಿಯಿಂದ ಕುಳಿತು ಹಾಲೂಡಿಸಲು ಒಂದು ಮರೆಯ ಸ್ಥಳವನ್ನೂ ಒಂದು ಕುರ್ಚಿಯನ್ನೂ ಲಸಿಕೆಯ ಕೇಂದ್ರದಲ್ಲಿ ಒದಗಿಸುವುದು ಊರವರಿಗೆ ದೊಡ್ಡ ಮಾತಲ್ಲ.

ವಿದ್ಯಾರ್ಥಿಗಳಾದ ನೀವೂ ಇದರಲ್ಲಿ ಭಾಗಿಗಳಾಗಬಹುದು. ನಿಮ್ಮಲ್ಲಿ ಹಲವರ ಮನೆಗಳಲ್ಲಿ ಪುಟ್ಟ ತಮ್ಮಂದಿರೂ ತಂಗಿಯರೂ ಇರುವರು. ನಿಮ್ಮ ತಾಯಿ ಕೂಸನ್ನು ಲಸಿಕೆಗೆ ಒಯ್ಯುವಾಗ ಜೊತೆಗೆ ಹೋಗಿರಿ. ಕೂಸು ಅತ್ತರೆ ನಗಬೇಡಿರಿ, “ಸೂಜಿ ಹಾಕಿಸುತ್ತೇನೆ ನೋಡು” ಎಂದು ಯಾವ ಮಗುವನ್ನೂ ಹೆದರಿಸಬೇಡಿರಿ. ಈ ಬರಹದಲ್ಲಿ ಓದಿದುದನ್ನು ಓದಲು ಬಾರದ ಅಜ್ಜಿಗೂ ನೆರೆಮನೆಯ ಬಾಣಂತಿಗೂ ಓದಿಹೇಳಿರಿ. ಮುಂದೆ ನಿಮ್ಮಲ್ಲಿ ಕೆಲವರು ದಾದಿಯರಾಗುವಿರಿ, ವೈದ್ಯರಾಗುವಿರಿ. ಇಂದೂರಿನ ಕಾಲೇಜಿನಲ್ಲಿ ಓದಿದ ಒಬ್ಬ ತರುಣನು, ಎಲ್ಲರೂ ದಿನಾಲು ನೋಡುತ್ತಿದ್ದುದನ್ನೇ ತಾನೂ ನೋಡಿ, “ಇದು ಹೀಗೇಕೆ?” ಎಂದು ಕೇಳಿದ್ದರಿಂದ ಲೋಕದ ಅದೆಷ್ಟೋ ಕೂಸುಗಳ ವೇದನೆ ಕಡಿಮೆಯಾಯಿತೆಂಬುದನ್ನು ಆಗ ನೆನೆಯಿರಿ. ಸದ್ಯಕ್ಕೆ, ಮುಂದಿನ ಲಸಿಕೆಯ ದಿನ ನಮ್ಮ ಊರಿನ ಒಂದು ಕೂಸು ತಾಯಿಯ ಎದೆಯಲ್ಲಿ ಹಾಲು ಕುಡಿಯುತ್ತಲೇ ಸೂಜಿ ಹಾಕಿಸಿಕೊಂಡರೂ ಈ ಬರಹದ ಶ್ರಮ ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.